ತಾರಸಿಯ ಮೇಲೊಂದು ಬಸಳೆ ಚಪ್ಪರ

ತಾರಸಿ ತೋಟವಿದೆ ಎಂದು ಗೊತ್ತಾದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ, "ಹಾಗಾದರೆ ನೀವು ತರಕಾರಿ ಕೊಳ್ಳುವುದೇ ಇಲ್ಲವಾ?" ಕೊಳ್ಳುತ್ತೇವೆ. ಈರುಳ್ಳಿ, ಆಲೂಗಡ್ಡೆ, ಹುರುಳಿಕಾಯಿ ಎಲ್ಲ ಬೆಂಗಳೂರಿನ ಗಾಂಧಿ ಬಜಾರಿನಿಂದಲೇ ಬರಬೇಕು. ಅಕ್ಕಿ ಬೇಳೆಯ ಮಾತಂತೂ ದೂರವೇ ಉಳಿಯಿತು. ಮೂವತ್ತು ನಲವತ್ತರ ನಿವೇಶನದಲ್ಲಿ ಕಟ್ಟಿದ ಮನೆಯ ನೆತ್ತಿಯ ಮೇಲೆ ಸಂಸಾರಕ್ಕೆ ಸಾಲುವಷ್ಟು ಬೆಳೆದುಕೊಳ್ಳಬಹುದು ಎನ್ನುವ ವಿಡಿಯೊಗಳನ್ನು ನೋಡಿದರೆ ನನಗೆ ನಗು ಬರುತ್ತದೆ. ಬುಟ್ಟಿ ತುಂಬ ಟೊಮೆಟೊ ತೋರಿಸುವವರು ಕುಂಡಕ್ಕೆ, ಚೀಲದ ಮಣ್ಣಿಗೆ, ಪಂಪಿಗೆ ಸುರಿದ ದುಡ್ಡಿನ ಲೆಕ್ಕ ತೋರಿಸುವುದಿಲ್ಲ.

ಸೊಪ್ಪಿನ ಮಾತು ಬೇರೆ. ಹರಿವೆ, ದಂಟು, ಮೆಂತ್ಯ, ಚಕ್ರಮುನಿ, ಕುಂಡದ ಅಂಚಿನಲ್ಲಿ ತಾನಾಗಿ ಹಬ್ಬಿಕೊಂಡ ಒಂದೆಲಗ. ಮಲೆನಾಡಿನ ಸಾಗರದ ಕಡೆಯಿಂದ ಬಂದ ನಮ್ಮಂಥವರಿಗೆ ಬೇಸಿಗೆಯಲ್ಲಿ ತಂಬುಳಿಗೊಂದು ಹಿಡಿ ಎಲೆ ಸಿಕ್ಕರೆ ಊಟ ಮುಗಿದಂತೆಯೇ. ನೀರಿನ ಟ್ಯಾಂಕಿನ ಪಕ್ಕ ಹಳೆಯ ಕಬ್ಬಿಣದ ಪೈಪುಗಳನ್ನು ನಿಲ್ಲಿಸಿ ಬಸಳೆಗೆ ಚಪ್ಪರ ಹಾಕಿದ್ದೇನೆ. ಅದು ಕೇಳಿದ್ದಕ್ಕಿಂತ ಹೆಚ್ಚು ಕೊಡುವ ಗಿಡ.

ಆದರೆ ತೋಟ ಹುಟ್ಟಿದ್ದು ಸೊಪ್ಪಿನ ಆಸೆಗಲ್ಲ, ಕಸದ ಕಾಟಕ್ಕೆ. ನಗರದ ಕಸವನ್ನೆಲ್ಲ ವರ್ಷಗಟ್ಟಲೆ ಹೊತ್ತುಕೊಂಡ ಹೊರವಲಯದ ಮಂಡೂರಿನ ಜನ 2014ರಲ್ಲಿ ಲಾರಿಗಳನ್ನು ತಡೆದು ನಿಂತಾಗ, ನಮ್ಮ ಬೀದಿಯ ಮೂಲೆಯಲ್ಲಿ ಕಸ ಕೊಳೆಯುತ್ತಾ ಬಿದ್ದಿತ್ತು. ಮೂಗು ಮುಚ್ಚಿಕೊಂಡು ನಡೆಯುವಾಗ ಮನಸ್ಸಿಗೆ ಬಂದದ್ದು, ಆ ರಾಶಿಯಲ್ಲಿ ಅರ್ಧಕ್ಕಿಂತ ಹೆಚ್ಚು ಅಡುಗೆಮನೆಯದೇ ಅಲ್ಲವೇ ಎಂದು. ತರಕಾರಿ ಸಿಪ್ಪೆ, ಕಾಫಿ ಚರಟ, ಕರಿಬೇವಿನ ಕಡ್ಡಿ. ಊರಿನಲ್ಲಿ ಇವೆಲ್ಲ ಕಸವೇ ಆಗಿರಲಿಲ್ಲ.

ಈಗ ತಾರಸಿಯ ನೆರಳಿನ ಮೂಲೆಯಲ್ಲಿ ತೂತು ಕೊರೆದ ಮಣ್ಣಿನ ಮಡಕೆಗಳು ಒಂದರ ಮೇಲೊಂದು ಕುಳಿತಿವೆ. ಕೆಲಸ ಸರಳ: ಒಂದು ಪದರ ಹಸಿ ಕಸ, ಅದರ ಮೇಲೆ ಅದಕ್ಕಿಂತ ಹೆಚ್ಚು ಒಣ ಎಲೆ, ಆಗಾಗ ಒಂದಿಷ್ಟು ಹುಳಿ ಮಜ್ಜಿಗೆ, ವಾರಕ್ಕೊಮ್ಮೆ ಕೆದಕುವುದು. ವಾಸನೆ ಬಂತೆಂದರೆ ನೀರು ಹೆಚ್ಚಾಗಿ ಒಳಗೆ ಗಾಳಿಯಾಡುತ್ತಿಲ್ಲ ಎಂದರ್ಥ. ಇನ್ನೊಂದು ಬೊಗಸೆ ಎಲೆ ಹಾಕಿದರೆ ಮರುದಿನ ಇಳಿಯುತ್ತದೆ. ಮುಚ್ಚಳ ತೆಗೆದು ಅಂಗೈ ಹಿಡಿದರೆ ಕೆಳಗಿನಿಂದ ಬಿಸಿ ತಾಗುತ್ತದೆ. ಮಳೆಗಾಲದಲ್ಲಿ ಬೂದು ಬಣ್ಣದ ದಪ್ಪ ಹುಳುಗಳು ಕಿಕ್ಕಿರಿದು ಮಿಸುಕಾಡುತ್ತವೆ. ಇವು ಒಂದು ಜಾತಿಯ ಕಪ್ಪು ನೊಣದ ಮರಿಗಳು. ಆ ನೊಣ ಅನ್ನದ ಮೇಲೆ ಕೂರುವುದಿಲ್ಲ, ಕಚ್ಚುವುದೂ ಇಲ್ಲ. ಮರಿಗಳು ಮಾತ್ರ ನಿನ್ನೆಯ ಪಪ್ಪಾಯಿ ಸಿಪ್ಪೆಯನ್ನು ಇವತ್ತು ಇಲ್ಲವಾಗಿಸುತ್ತವೆ. ಕೆಳಗಿನ ಮನೆಯ ಆಂಟಿ ಒಮ್ಮೆ ಇಣುಕಿ ನೋಡಿ ಎರಡು ಹೆಜ್ಜೆ ಹಿಂದೆ ಸರಿದರು. ಮೈನಾಗಳಿಗೆ ಅಂಥ ಮುಜುಗರವೇನೂ ಇಲ್ಲ.

ನಿಜವಾದ ಕಷ್ಟ ಒಣ ಎಲೆಯದು. ನಗರದಲ್ಲಿ ಹಸಿ ಕಸ ಎಲ್ಲರ ಮನೆಯಲ್ಲಿದೆ, ಎಲೆ ಇಲ್ಲ. ಬೇಸಿಗೆಗೆ ಮುಂಚೆ ಹೊಂಗೆ ಮರಗಳು ಎಲೆ ಉದುರಿಸುವಾಗ ಬೀದಿ ಗುಡಿಸುವ ಅಕ್ಕ ಗೋಣಿಚೀಲಗಳಲ್ಲಿ ತುಂಬಿ ನಮ್ಮ ಗೇಟಿನ ಬಳಿ ಇಡುತ್ತಾರೆ. ಮೊದಲು ಅದಕ್ಕೆಲ್ಲ ಅಲ್ಲೇ ಬೆಂಕಿ ಬೀಳುತ್ತಿತ್ತು. ವರ್ಷಕ್ಕಾಗುವಷ್ಟು ಕೂಡಿಡುತ್ತೇನೆ. ಮನೆಯವರು ಮೆಟ್ಟಿಲ ಕೆಳಗಿನ ಚೀಲಗಳನ್ನು ನೋಡಿ ಗೊಣಗುತ್ತಾರೆ, ಅದು ಬೇರೆ ಕಥೆ. ಊರಿನಿಂದ ಬಂದ ಅಮ್ಮ, ನಾನು ನರ್ಸರಿಯಿಂದ ತಂದ ಕೊಟ್ಟಿಗೆ ಗೊಬ್ಬರದ ಬೆಲೆ ಕೇಳಿ, "ಸಗಣಿಗೂ ದುಡ್ಡು ಕೊಡುತ್ತೀಯೇನೇ ಮಾರಾಯ್ತಿ?" ಎಂದು ದಿನವಿಡೀ ನಕ್ಕರು. ಈಗ ಕೊಳ್ಳಬೇಕಾಗಿಲ್ಲ.

ಇನ್ನು ನೀರು. ಕಾವೇರಿಯನ್ನು ಸುಮಾರು ನೂರು ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪ್ ಮಾಡಿ ಈ ಊರಿಗೆ ತರುತ್ತಾರೆ. ಅದನ್ನು ಗಿಡಕ್ಕೆ ಹಾಕುವುದು ನನಗೆ ಮೊದಲಿನಿಂದಲೂ ಒಗ್ಗದು. 2024ರ ಮಾರ್ಚಿನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ, ವಾಹನ ತೊಳೆಯುವುದಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದಾಗ ಬೀದಿಯ ಹಲವು ತಾರಸಿಗಳು ಒಣಗಿದವು. ನಮ್ಮ ಬಸಳೆ ಅಕ್ಕಚ್ಚು ಕುಡಿದು ಬದುಕಿತು. ಅಕ್ಕಿ ಬೇಳೆ, ಸೊಪ್ಪು ತೊಳೆದ ನೀರಿಗೆ ಸಿಂಕಿನ ಪಕ್ಕ ಒಂದು ಬಕೆಟ್ ಕಾಯಂ. ಬಟ್ಟೆ ಅಂಟುವಾಳದಲ್ಲಿ ಒಗೆದ ದಿನ ಆ ನೀರೂ ಮೇಲಕ್ಕೆ ಹೋಗುತ್ತದೆ. ಸೋಪಿನ ಪುಡಿಯದಾದರೆ ಇಲ್ಲ.

ಒಂದು ಚದರ ಮೀಟರ್ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್. ಬೆಂಗಳೂರಿಗೆ ವರ್ಷಕ್ಕೆ ಸರಾಸರಿ 970 ಮಿಲಿಮೀಟರಿನಷ್ಟು ಬೀಳುತ್ತದೆ. ಸಾವಿರ ಚದರಡಿಯ ತಾರಸಿಗೆ ಹತ್ತಿರ ಹತ್ತಿರ 90,000 ಲೀಟರ್! ಹಿಡಿಯುವಾಗ ಒಂದಷ್ಟು ಪೋಲಾದರೂ ಉಳಿದದ್ದೇ ಎಷ್ಟು ಟ್ಯಾಂಕರ್ ಎಂದು ನೀವೇ ಲೆಕ್ಕ ಹಾಕಿ. ಜಯನಗರ ಐದನೇ ಬ್ಲಾಕಿನಲ್ಲಿ ಜಲಮಂಡಳಿಯದೇ ಮಳೆನೀರು ಸಂಗ್ರಹದ ಉದ್ಯಾನವಿದೆ. ಸೋಸುವ ವಿಧಾನಗಳನ್ನು ಕಣ್ಣಾರೆ ನೋಡಿ ಬರಬಹುದು. ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಟ್ಟು ಉಳಿದದ್ದನ್ನು ನೆಲದಡಿಯ ಸಂಪಿನೊಳಕ್ಕೆ ಇಳಿಸುವುದು, ಅಷ್ಟೇ ಗುಟ್ಟು. ಅದರ ಖರ್ಚಿಗೆ ಹಿಂದೆಮುಂದೆ ನೋಡುವವರೇ ಚೀನಿ ಮಣ್ಣಿನ ಕುಂಡಗಳಿಗೆ ದುಡ್ಡು ಸುರಿಯುವುದನ್ನು ಕಂಡಿದ್ದೇನೆ.

ತಾರಸಿ ಸೋರುತ್ತದೆ ಎಂದು ಹೆದರುವವರಿಗೆ ಒಂದು ಮಾತು: ಕುಂಡಗಳನ್ನು ಇಟ್ಟಿಗೆಯ ಮೇಲಿಡಿ, ಭಾರದವು ತೊಲೆ ಹಾದುಹೋದ ಕಡೆ ಇರಲಿ, ಮಣ್ಣಿಗೆ ತೆಂಗಿನ ನಾರಿನ ಪುಡಿ ಬೆರೆಸಿ ಹಗುರ ಮಾಡಿ.

ಬಸಳೆ ಈ ವರ್ಷ ಚಪ್ಪರ ಮೀರಿ ಟ್ಯಾಂಕಿನ ಮೇಲೆ ಹತ್ತಿದೆ. ತುಂಡು ಬೇಕಾದವರು ಬಂದು ಒಯ್ಯಬಹುದು. ದುಡ್ಡು ಬೇಡ, ಒಂದು ಚೀಲ ಒಣ ಎಲೆ ತನ್ನಿ.