ಬೋರ್ಡಿನ ಕಡೆ ತಿರುಗಿದ ಟೀಚರು

“ನಮ್ಮ ಟೀಚರು ತುಂಬಾ ಒಳ್ಳೆಯವರು. ಒಂದು ಮಾತೂ ಆಡಲಿಲ್ಲ. ಹಾಜರಿ ಕರೆದರು, ಪಾಠ ಶುರು ಮಾಡಿದರು.”

ಈ ವಾರ ಅಮೆರಿಕದ ಅರ್ಕನ್ಸಾ ರಾಜ್ಯದ ಲಿಟಲ್ ರಾಕ್‌ಗೆ ಹೋಗಿ ಬಂದಾಗಿನಿಂದ ಈ ಮಾತು ನನ್ನ ತಲೆಯಿಂದ ಇಳಿದಿಲ್ಲ. ಒಗ್ಗರಣೆಗೆ ಇಟ್ಟು ನಿಂತಾಗಲೂ ಅದೇ, ರಾತ್ರಿ ಎಚ್ಚರವಾದಾಗಲೂ ಅದೇ. ಹೇಳಿದವರು ಎಂಬತ್ತು ದಾಟಿದ ಒಬ್ಬ ಬಿಳಿಯ ಅಜ್ಜಿ, 1957ರಲ್ಲಿ ಸೆಂಟ್ರಲ್ ಹೈಸ್ಕೂಲಿನ ಹನ್ನೊಂದನೇ ತರಗತಿಯಲ್ಲಿದ್ದವರು. ಕೇಳಿಸಿಕೊಂಡ ನಾನು ಕೆಲಸಕ್ಕೆ ಸೇರಿದಂದಿನಿಂದ ನಿವೃತ್ತಿಯವರೆಗೂ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವಳು. ಅಂಥ ಟೀಚರೇ ಒಳ್ಳೆಯ ಟೀಚರು ಎಂದು ನಮ್ಮ ಕಡೆಯೂ ಹೇಳುತ್ತಾರೆ. ಗಲಾಟೆಗೆ ಹೋಗುವುದಿಲ್ಲ, ತಾನಾಯಿತು ತನ್ನ ಪಾಠವಾಯಿತು.

ಮಗಳ ಮನೆ ಇರುವುದು ಬೆಂಟನ್‌ವಿಲ್‌ನಲ್ಲಿ. ಅಲ್ಲಿಂದ ಕಾರಿನಲ್ಲಿ ಮೂರು ಗಂಟೆಗೂ ಮಿಕ್ಕಿದ ದಾರಿ. ಅರ್ಕನ್ಸಾಗೆ ಬಂದು ಆ ಶಾಲೆ ನೋಡದೆ ಹೋಗುವುದಿಲ್ಲ ಎಂದು ಹಟ ಹಿಡಿದವಳು ನಾನೇ. ಬಿಳಿಯರಿಗಷ್ಟೇ ಇದ್ದ ಆ ಶಾಲೆಗೆ 1957ರಲ್ಲಿ ಮೊದಲ ಬಾರಿಗೆ ಸೇರಿದ ಒಂಬತ್ತು ಕಪ್ಪು ಮಕ್ಕಳ ಕಥೆ ಯಾರಿಗೆ ಗೊತ್ತಿಲ್ಲ? ಪುಸ್ತಕ ಎದೆಗವಚಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು ನಡೆಯುತ್ತಿರುವ ಎಲಿಜಬೆತ್ ಎಕ್‌ಫರ್ಡ್, ಹಿಂದೆ ಬಾಯಿ ಬಿಟ್ಟು ಕಿರುಚುತ್ತಿರುವ ಹುಡುಗಿಯರು. ಆ ಫೋಟೊ ನೋಡಿದವರು ಮರೆಯುವುದಿಲ್ಲ. ಆದರೆ ಶಾಲೆ ಅಷ್ಟು ದೊಡ್ಡದಿದೆಯೆಂದು ನಾನು ಅಂದುಕೊಂಡಿರಲಿಲ್ಲ. 1927ರಲ್ಲಿ ಕಟ್ಟಿದ್ದು. ಮುಂಬಾಗಿಲಿನ ಮೇಲೆ ನಾಲ್ಕು ಸ್ತ್ರೀ ಪ್ರತಿಮೆಗಳು, ಒಂದೊಂದಕ್ಕೂ ಒಂದೊಂದು ಹೆಸರು: ಮಹತ್ವಾಕಾಂಕ್ಷೆ, ವ್ಯಕ್ತಿತ್ವ, ಅವಕಾಶ, ಸಿದ್ಧತೆ. ಅದು ಇವತ್ತಿಗೂ ನಡೆಯುತ್ತಿರುವ ಶಾಲೆ. ನಾವು ಹೋದಾಗ ಒಳಗೆ ಪಾಠ ನಡೀತಿತ್ತು, ಹೊರಗೆ ಹಳದಿ ಬಸ್ಸುಗಳು ನಿಂತಿದ್ದವು.

ಬೀದಿಯ ಮೂಲೆಯಲ್ಲಿ ಒಂದು ಬೆಂಚಿದೆ. ಗುಂಪಿನ ನಡುವೆ ಸಿಕ್ಕಿಕೊಂಡ ಎಲಿಜಬೆತ್ ಬಸ್ಸಿಗೆ ಕಾಯುತ್ತ ಕೂತ ಬೆಂಚಿನಂಥದೇ ಒಂದನ್ನು 2018ರಲ್ಲಿ ಅಲ್ಲಿಟ್ಟಿದ್ದಾರೆ. ಅಜ್ಜಿ ಅದರ ಪಕ್ಕದಲ್ಲಿ ಕೋಲೂರಿ ನಿಂತಿದ್ದರು, ಕೂತಿರಲಿಲ್ಲ. ಮಗಳು ಮಾತಿಗೆಳೆದಳು. ನಾನು ಟೀಚರಾಗಿದ್ದವಳು ಎಂದು ತಿಳಿದ ಮೇಲೆ ಅವರ ಮುಖ ಅರಳಿತು, ತಮ್ಮ ಟೀಚರ ಬಗ್ಗೆ ಹೇಳತೊಡಗಿದರು. ಅವರ ತರಗತಿಗೂ ಆ ಒಂಬತ್ತರಲ್ಲಿ ಒಬ್ಬ ಹುಡುಗಿ ಬಂದಿದ್ದಳಂತೆ. ಮೊದಲ ದಿನ ಎಲ್ಲರೂ ಉಸಿರು ಬಿಗಿಹಿಡಿದು ಕೂತಿದ್ದರಂತೆ. ಆಗ ಬಂದದ್ದು ಆ ಮಾತು: ಹಾಜರಿ ಕರೆದರು, ಪಾಠ ಶುರು ಮಾಡಿದರು.

ಕೇಳಿದಾಗ ನನಗೂ ಸರಿಯೆನಿಸಿತು. ಆ ಹುಡುಗಿಯ ಹೆಸರನ್ನೂ ಎಲ್ಲರ ಹೆಸರಿನಂತೆ ಕರೆದು, ಎಲ್ಲರಂತೆ ಅವಳಿಗೂ ಪಾಠ ಹೇಳುವುದು ಸಣ್ಣ ಕೆಲಸವಲ್ಲ. ಹೊರಗೆ ಬಂದೂಕು ಹಿಡಿದ ಸೈನಿಕರಿರುವಾಗ ಅದಕ್ಕೂ ಎದೆಗಾರಿಕೆ ಬೇಕು.

ಆಮೇಲೆ ಅಜ್ಜಿ, ಸ್ವಲ್ಪ ತಡೆದು, “ಹಿಂದಿನ ಸಾಲಿನ ಹುಡುಗರು ಅವಳ ಬಟ್ಟೆಗೆ ಶಾಯಿ ಎರಚುತ್ತಿದ್ದರು” ಅಂದರು.

“ಟೀಚರ್ ನೋಡಲಿಲ್ವಾ?” ಅಂತ ನಾನು ಕೇಳಿದೆ. ಮಗಳು ಇಂಗ್ಲಿಷಿನಲ್ಲಿ ಹೇಳುವ ಮೊದಲೇ ನನ್ನ ಮುಖ ನೋಡಿ ಅವರಿಗೆ ಅರ್ಥವಾಗಿತ್ತು.

“ನೋಡಿದ್ರು ಅಂತ ಕಾಣುತ್ತೆ. ಬೋರ್ಡಿನ ಕಡೆ ತಿರುಗಿಬಿಟ್ಟರು.”

ಇದನ್ನೂ ಅವರು ದೂರಿನಂತೆ ಹೇಳಲಿಲ್ಲ. ಪಾಪ, ಆ ಟೀಚರಿಗೂ ಎಂಥ ಕಷ್ಟ ಎಂಬ ಧಾಟಿಯಲ್ಲಿ ಹೇಳಿದರು. ನನಗೆ ಅಜ್ಜಿ ಇಷ್ಟವಾದರು. ಈ ವಯಸ್ಸಿನಲ್ಲಿ, ಯಾರೋ ಪರದೇಶದವರೆದುರು, ಮುಚ್ಚಿಡಬಹುದಾದದ್ದನ್ನು ಮುಚ್ಚಿಡದೆ ಹೇಳಿದರಲ್ಲ. ಆದರೆ ಅವರ ಟೀಚರನ್ನು ಮಾತ್ರ ನನ್ನಿಂದ ಕ್ಷಮಿಸಲು ಆಗುತ್ತಿಲ್ಲ, ಅದಕ್ಕೆ ಕಾರಣ ಎದುರುಗಡೆಯ ವಸ್ತುಸಂಗ್ರಹಾಲಯದಲ್ಲಿ ತಿಳಿದುಕೊಂಡ ವಿಷಯ.

ಅಧ್ಯಕ್ಷ ಐಸೆನ್‌ಹೋವರ್ 101ನೇ ಏರ್‌ಬೋರ್ನ್ ಡಿವಿಷನ್ನಿನ ಸುಮಾರು 1,200 ಸೈನಿಕರನ್ನು ಕಳಿಸಿದ್ದರು. 1957ರ ಸೆಪ್ಟೆಂಬರ್ 25ರಂದು ಒಂಬತ್ತೂ ಮಕ್ಕಳು ಅವರ ಕಾವಲಿನಲ್ಲಿ ಮೆಟ್ಟಿಲು ಹತ್ತಿದರು. ಸೈನಿಕರು ಶಾಲೆಯೊಳಗೂ ಬಂದರು, ಕಾರಿಡಾರಿನಲ್ಲಿ ಜೊತೆಗೆ ನಡೆದರು. ತರಗತಿಯೊಳಗೆ ಮಾತ್ರ ಅವರಿಗೆ ಪ್ರವೇಶವಿರಲಿಲ್ಲ. ಬಾಗಿಲು ಮುಚ್ಚಿದ ಮೇಲೆ ಆ ಮಗುವಿಗೆ ಇದ್ದ ಒಬ್ಬರೇ ದೊಡ್ಡವರೆಂದರೆ ಟೀಚರು. ಇನ್ನೊಂದು ವಿಷಯ ಇದಕ್ಕಿಂತ ಭಾರದ್ದು. ಯಾರು ಹೊಡೆದರು, ಯಾರು ತಳ್ಳಿದರು ಎಂದು ಮಕ್ಕಳು ದೂರು ತಂದರೆ, ದೊಡ್ಡವರು ಯಾರಾದರೂ ಕಣ್ಣಾರೆ ಕಂಡಿದ್ದರೆ ಮಾತ್ರ ಕ್ರಮ ಎಂದು ಶಾಲೆಯವರು ಹೇಳುತ್ತಿದ್ದರು. ಅಂದರೆ ಟೀಚರ ಕಣ್ಣೇ ಸಾಕ್ಷಿ. ಟೀಚರು ಕಾಣದಿದ್ದರೆ ಶಾಯಿ ಬಿದ್ದೇ ಇಲ್ಲ, ಮೆಟ್ಟಿಲ ಮೇಲೆ ಯಾರೂ ಯಾರನ್ನೂ ತಳ್ಳಿಯೇ ಇಲ್ಲ.

ಈಗ ಆ ಮಾತನ್ನು ಮತ್ತೆ ಓದಿ. ಹಾಜರಿ ಕರೆದರು, ಪಾಠ ಶುರು ಮಾಡಿದರು, ಬೋರ್ಡಿನ ಕಡೆ ತಿರುಗಿದರು. ಪಾಠ ಮಾಡುವವರಿಗೆ ಬೋರ್ಡಿನ ಕಡೆ ತಿರುಗುವುದು ಎಷ್ಟು ಸಹಜ! ಯಾರೂ ತಪ್ಪು ಹುಡುಕುವ ಹಾಗಿಲ್ಲ. ಆದರೆ ಬೆನ್ನ ಹಿಂದೆ ಏನು ನಡೆಯುತ್ತಿದೆ ಎಂಬುದು ಟೀಚರಿಗೆ ಗೊತ್ತಾಗುತ್ತದೆ. ಬೆಂಚು ಸರಿಯುವ ಸದ್ದು, ಹುಡುಗರು ನಗು ತಡೆಯುವ ಸದ್ದು, ಇದ್ದಕ್ಕಿದ್ದಂತೆ ಬೀಳುವ ಮೌನ. ವರ್ಷಗಟ್ಟಲೆ ತರಗತಿಯಲ್ಲಿ ನಿಂತವಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಎಲ್ಲ ಟೀಚರೂ ಹಾಗಿದ್ದರು ಅಂತ ಹೇಳಿದರೆ ಅನ್ಯಾಯವಾಗುತ್ತದೆ. ಹುಡುಗಿಯರ ಉಸ್ತುವಾರಿಗಿದ್ದ ಉಪಪ್ರಾಂಶುಪಾಲೆ ಎಲಿಜಬೆತ್ ಹಕಬಿ ಮೂಲತಃ ಇಂಗ್ಲಿಷ್ ಟೀಚರು. ಅಳುತ್ತ ಬಂದ ಹುಡುಗಿಯರನ್ನು ತಮ್ಮ ಆಫೀಸಿನಲ್ಲಿ ಕೂರಿಸಿಕೊಂಡು ಕೇಳಿದವರು, ನಡೆದದ್ದನ್ನೆಲ್ಲ ಬರೆದಿಟ್ಟವರು. ಆದರೂ ಕ್ಯಾಂಟೀನಿನಲ್ಲಿ ತಾಳ್ಮೆಗೆಟ್ಟು ಊಟದ ಬಟ್ಟಲು ಚೆಲ್ಲಿ ಮೊದಲು ಅಮಾನತಾದ ಮಿನ್ನಿಜೀನ್ ಬ್ರೌನ್ ಎಂಬ ಹುಡುಗಿ 1958ರ ಫೆಬ್ರವರಿಯಲ್ಲಿ ಶಾಲೆಯಿಂದಲೇ ಹೊರಬೀಳಬೇಕಾಯಿತು. ಕೆಣಕಿದವರದು ಯಾರ ಕಣ್ಣಿಗೂ ಬೀಳಲಿಲ್ಲ, ಕೆಣಕಿಸಿಕೊಂಡವಳದು ಎಲ್ಲರ ಕಣ್ಣಿಗೂ ಬಿತ್ತು. ಆ ಮೇ ತಿಂಗಳಲ್ಲಿ ಒಂಬತ್ತರಲ್ಲಿ ಒಬ್ಬನಾದ ಅರ್ನೆಸ್ಟ್ ಗ್ರೀನ್ ಆರುನೂರಕ್ಕೂ ಹೆಚ್ಚು ಮಕ್ಕಳ ಜೊತೆ ಪದವಿಪತ್ರ ಪಡೆದ. ಮಾರ್ಟಿನ್ ಲೂಥರ್ ಕಿಂಗ್ ಬಂದು ಕೂತಿದ್ದರು. ಅವನ ಹೆಸರು ಕರೆದಾಗ ಚಪ್ಪಾಳೆ ನಿಂತುಹೋಯಿತಂತೆ. ಅವನ ಟೀಚರುಗಳೂ ಅಲ್ಲೇ ಇದ್ದಿರಬೇಕಲ್ಲ!

ಅಜ್ಜಿಯ ಹನ್ನೆರಡನೇ ತರಗತಿ ಸೆಂಟ್ರಲ್‌ನಲ್ಲಿ ಆಗಲೇ ಇಲ್ಲ. ಗವರ್ನರ್ ಆರ್ವಲ್ ಫಾಬಸ್ 1958ರ ಸೆಪ್ಟೆಂಬರಿನಲ್ಲಿ ಊರಿನ ನಾಲ್ಕೂ ಹೈಸ್ಕೂಲುಗಳಿಗೆ ಬೀಗ ಹಾಕಿಸಿದರು. ಕಪ್ಪು ಮಕ್ಕಳ ಜೊತೆ ಕೂರಿಸುವುದಕ್ಕಿಂತ ಶಾಲೆ ಮುಚ್ಚಿರುವುದೇ ವಾಸಿ ಎಂದು ಊರಿನವರೂ ಮತ ಹಾಕಿದರು: 19,470 ಒಂದು ಕಡೆ, 7,561 ಇನ್ನೊಂದು ಕಡೆ. 3,665 ಮಕ್ಕಳು ಬೀದಿಗೆ ಬಿದ್ದರು. ಅಜ್ಜಿಯನ್ನು ಬೇರೆ ಊರಿನ ಚಿಕ್ಕಮ್ಮನ ಮನೆಗೆ ಕಳಿಸಿದರಂತೆ. ಬಿಳಿಯ ಮಕ್ಕಳಲ್ಲಿ ಹೆಚ್ಚಿನವರಿಗೆ ಎಲ್ಲೋ ಒಂದು ಕಡೆ ಸೀಟು ಸಿಕ್ಕಿತು. ಕಪ್ಪು ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಆ ವರ್ಷ ಓದೇ ಇಲ್ಲ. ಫುಟ್‌ಬಾಲ್ ಪಂದ್ಯಗಳು ಮಾತ್ರ ನಡೆದವು.

ಟೀಚರುಗಳದು ಕರಾರಿನ ಕೆಲಸವಾದ್ದರಿಂದ ಅವರು ದಿನವೂ ಬರಬೇಕಿತ್ತು. ಮಕ್ಕಳಿಲ್ಲದ ತರಗತಿಗೆ ಬಂದು ಕೂತು ಸಂಜೆ ಮನೆಗೆ ಹೋಗುವುದು. ಶುರುವಿನಲ್ಲಿ ಕೆಲವರು ಟಿವಿಯಲ್ಲಿ ಪಾಠ ಮಾಡಿದರು, ಕೆಲವರನ್ನು ಬೇರೆ ಶಾಲೆಗಳಿಗೆ ಬದಲಿ ಟೀಚರಾಗಿ ಕಳಿಸಿದರು. ಉಳಿದ ಹೊತ್ತು ಖಾಲಿ ಬೆಂಚುಗಳ ಮುಂದೆ. ಇದನ್ನು ಓದುವಾಗ ನನಗೆ ನಿಜವಾಗಿಯೂ ಹೊಟ್ಟೆ ಸಂಕಟವಾಯಿತು. ಸಂಬಳವಿದ್ದೂ ಮಕ್ಕಳಿಲ್ಲದಿರುವುದು ಟೀಚರಾದವರಿಗೆ ದೊಡ್ಡ ಶಿಕ್ಷೆಯೇ.

1959ರ ಮೇ ತಿಂಗಳಲ್ಲಿ ಶಾಲಾ ಮಂಡಳಿಯ ಮೂವರು ಸದಸ್ಯರು ಸೇರಿಕೊಂಡು 44 ಮಂದಿ ಟೀಚರುಗಳನ್ನೂ ಸಿಬ್ಬಂದಿಯನ್ನೂ ಕೆಲಸದಿಂದ ತೆಗೆದರು. ಕಪ್ಪು ಮಕ್ಕಳ ಪರ ಇದ್ದಾರೆಂಬ ಅನುಮಾನ. ಹಕಬಿಯವರ ಹೆಸರೂ ಪಟ್ಟಿಯಲ್ಲಿತ್ತು. ಆಗ ಊರು ಎದ್ದಿತು. ಹಿಂದಿನ ಸೆಪ್ಟೆಂಬರಿನಿಂದಲೇ ಶಾಲೆ ತೆರೆಯಲು ಓಡಾಡುತ್ತಿದ್ದ ಹೆಂಗಸರ ಸಮಿತಿ ಮನೆಮನೆಗೆ ಹೋಯಿತು. ಮೇ 25ರ ಮತದಾನದಲ್ಲಿ ಆ ಮೂವರನ್ನೂ ಜನ ಮನೆಗೆ ಕಳಿಸಿದರು. ಆಗಸ್ಟಿನಲ್ಲಿ ಶಾಲೆ ತೆರೆಯಿತು. ಒಳ್ಳೆಯದೇ ಆಯಿತು. ಆದರೂ ಒಂದು ಕೊರಗು ಉಳಿಯುತ್ತದೆ: ಹದಿನೈದು ವರ್ಷದ ಹುಡುಗಿಗೆ ಜನ ಮುತ್ತಿಗೆ ಹಾಕಿದಾಗ ಏಳದ ಊರು ತಮ್ಮ ಮಕ್ಕಳ ಟೀಚರುಗಳ ಕೆಲಸ ಹೋದಾಗ ಎದ್ದಿತು.

ವಾಪಸು ಬರುವಾಗ ದಾರಿಯುದ್ದಕ್ಕೂ ಮಗಳಿಗೂ ನನಗೂ ವಾದ.

“ಅಮ್ಮಾ, ಅವರಿಗೂ ಮನೆ, ಮಕ್ಕಳು ಇದ್ದರು. ಕೆಲಸ ಹೋದ್ರೆ ಏನ್ ಮಾಡ್ತಿದ್ರು? ನೀನಾಗಿದ್ರೆ ಏನ್ ಮಾಡ್ತಿದ್ದೆ?”

ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಬಿಸಿಯೂಟದ ಹೊತ್ತಿಗೆ ಮಕ್ಕಳು ಜಾತಿ ನೋಡಿ ಬೇರೆ ಬೇರೆ ಸಾಲಿನಲ್ಲಿ ಕೂರುತ್ತಿದ್ದರು. ಹೊಸದಾಗಿ ಬಂದ ಹೆಡ್‌ಮೇಷ್ಟ್ರು ಯಾರಿಗೂ ಭಾಷಣ ಮಾಡಲಿಲ್ಲ. ತಟ್ಟೆ ಹಿಡಿದುಕೊಂಡು ಹೋಗಿ ಕೊನೆಯ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು, ಪಕ್ಕದ ಹುಡುಗನನ್ನು ಸಾರು ಬಡಿಸಲು ಕಳಿಸಿದರು. ಊರಿನ ಕೆಲವರು ಬಂದು ಕೂಗಾಡಿ ಹೋದರು. ಮೇಷ್ಟ್ರು ಮರುದಿನವೂ ಅಲ್ಲೇ ಕೂತರು. ಅವರೂ ಬಾಯಿಬಿಟ್ಟು ಒಂದು ಮಾತು ಆಡಿರಲಿಲ್ಲ. ಮಗಳಿಗೆ ಇದನ್ನು ಹೇಳಿದೆ. “ಅದು ಬೇರೆ ಕಾಲ, ಬೇರೆ ದೇಶ ಅಮ್ಮಾ” ಅಂದಳು.

ಸರಿ, ಅದೇ ಕಾಲ, ಅದೇ ಊರಿನ ಒಬ್ಬರನ್ನು ಹೇಳುತ್ತೇನೆ ಅಂದೆ. ಅರ್ಕನ್ಸಾ ಸರ್ಕಾರ 1958ರಲ್ಲಿ ಒಂದು ಕಾನೂನು ಮಾಡಿತು. ಹಿಂದಿನ ಐದು ವರ್ಷಗಳಲ್ಲಿ ಯಾವ ಯಾವ ಸಂಘಕ್ಕೆ ಸೇರಿದ್ದೀರಿ, ಯಾರಿಗೆ ಚಂದಾ ಕೊಟ್ಟಿದ್ದೀರಿ ಎಂದು ಪ್ರತಿ ಟೀಚರೂ ಪ್ರಮಾಣ ಮಾಡಿ ಬರೆದುಕೊಡಬೇಕು. ಕಪ್ಪು ಜನರ ಹಕ್ಕಿಗೆ ಹೋರಾಡುವ ಸಂಘದಲ್ಲಿ ಯಾರಿದ್ದಾರೆಂದು ಹಿಡಿಯುವ ಬಲೆ ಅದು. ಬಿ.ಟಿ. ಶೆಲ್ಟನ್ ಎಂಬ ಟೀಚರು ಲಿಟಲ್ ರಾಕ್ ಶಾಲೆಗಳಲ್ಲಿ 25 ವರ್ಷ ಪಾಠ ಮಾಡಿದವರು, ಆ ಸಂಘದ ಸದಸ್ಯರೂ ಹೌದು. ಬರೆದುಕೊಡುವುದಿಲ್ಲ ಅಂದರು. ಅವರ ಕರಾರು ನವೀಕರಣವಾಗಲಿಲ್ಲ. ಕೋರ್ಟಿಗೆ ಹೋದರು. 1960ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಕಾನೂನನ್ನು ಹೊಡೆದುಹಾಕಿತು, ಐವರು ನ್ಯಾಯಮೂರ್ತಿಗಳು ಅವರ ಪರ, ನಾಲ್ವರು ವಿರುದ್ಧ. ಅವರಿಗೇನು ಸಂಬಳ ಬೇಡವಾಗಿತ್ತೇ?

ಮಗಳು ಆ ಹೆಸರು ಕೇಳಿರಲಿಲ್ಲ. ಫೋನು ನನ್ನ ಕೈಗೆ ಕೊಟ್ಟು, “ಆ ತೀರ್ಪು ಹುಡುಕಿ ಓದಮ್ಮಾ, ನಾನು ಡ್ರೈವ್ ಮಾಡ್ತಾ ಕೇಳ್ತೀನಿ” ಅಂದಳು.