ಅಪ್ಪನ ಟಿವಿಯಲ್ಲಿ ಯಾವೂರ ಮಳೆ?

ಪಕ್ಕದ ಮನೆಯ ಮುದುಕರು ಹೋದ ವಾರ ನಮ್ಮಪ್ಪನಿಗೆ ಒಂದು ಪ್ರಶ್ನೆ ಕೇಳಿದರು. "ನಿಮ್ಮೂರಲ್ಲಿ ಟಿವಿ ಹಾಕಿದರೆ ಯಾವ ಊರಿನ ಮಳೆ ತೋರಿಸುತ್ತಾರೆ?" ಅದನ್ನು ನಾನು ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ. ಅಪ್ಪ ಯೋಚನೆಯನ್ನೇ ಮಾಡಲಿಲ್ಲ. "ಬೆಂಗಳೂರಿಂದು. ನಮ್ ಕಡಿ ಮಳಿ ಆದ್ರ ಟಿವ್ಯಾಗ ಬರಂಗಿಲ್ಲ. ಹೆಣ ಬಿದ್ರ ಬರ್ತದ."

ಕೊನೆಯ ಮಾತನ್ನು ನಾನು ದಾಟಿಸಲಿಲ್ಲ. "ಬೆಂಗಳೂರು" ಅಂತಷ್ಟೇ ಹೇಳಿದೆ. ಮುದುಕರಿಗೆ ಅಷ್ಟೇ ಸಾಕಾಯಿತು. ತೊಡೆ ತಟ್ಟಿಕೊಂಡು ನಕ್ಕು, "ಹಾಗಾದರೆ ನಾವಿಬ್ಬರೂ ಒಂದೇ ಜಾತಿ" ಅಂದರು.

ನಾವಿರುವುದು ಕೊಲೊರಾಡೊ ರಾಜ್ಯದ ನೈಋತ್ಯ ಮೂಲೆಯ ಡುರ್ಯಾಂಗೊದಲ್ಲಿ. ಲಾ ಪ್ಲಾಟಾ ಕೌಂಟಿ, ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ರಾಜಧಾನಿ ಡೆನ್ವರ್ ಇಲ್ಲಿಂದ 500 ಕಿಲೋಮೀಟರಿಗೂ ಜಾಸ್ತಿ. ನಡುವೆ ದೊಡ್ಡ ಬೆಟ್ಟಸಾಲು. ಚಳಿಗಾಲದಲ್ಲಿ ಹಿಮ ಜೋರಾದರೆ ಘಾಟಿ ರಸ್ತೆ ಬಂದ್. ದಕ್ಷಿಣಕ್ಕೆ ಗಾಡಿ ತಿರುಗಿಸಿದರೆ ಮಾತ್ರ ಅರ್ಧ ಗಂಟೆಯಲ್ಲಿ ನ್ಯೂ ಮೆಕ್ಸಿಕೊ ಗಡಿ. ಮುದುಕರು ಹುಟ್ಟಿದ್ದು ಇಲ್ಲೇ, ಹುಲ್ಲು ಬೆಳೆಯುತ್ತಾರೆ, ಒಂದಷ್ಟು ದನ ಸಾಕಿದ್ದಾರೆ. ಆದರೆ ಮನೆ ಮೇಲೆ ಡಿಶ್ ಹಾಕಿಸಿದ ದಿನದಿಂದ ಅವರ ಟಿವಿ ಮಾತ್ರ ನ್ಯೂ ಮೆಕ್ಸಿಕೊದಲ್ಲಿ ವಾಸ. ಆಲ್ಬುಕರ್ಕಿ ನಗರದ ಹವಾಮಾನ, ಆಲ್ಬುಕರ್ಕಿಯ ಕೊಲೆ, ಆಲ್ಬುಕರ್ಕಿಯ ಕಾರ್ ಶೋರೂಮಿನ ಜಾಹೀರಾತು.

ಚುನಾವಣೆ ಬಂದಾಗಲಂತೂ ತಲೆ ಕೆಡುತ್ತಿತ್ತಂತೆ. ಈ ರಾಜ್ಯದಲ್ಲಿ ವೋಟಿನ ಚೀಟಿ ಅಂಚೆಯಲ್ಲಿ ಮನೆಗೇ ಬರುತ್ತದೆ. ಅದನ್ನು ಊಟದ ಮೇಜಿನ ಮೇಲೆ ಬಿಡಿಸಿಕೊಂಡು ಕೂತರೆ, ಅಧ್ಯಕ್ಷರ ಸಾಲು ಬಿಟ್ಟು ಮಿಕ್ಕವರ ಮುಖವನ್ನೇ ಟಿವಿಯಲ್ಲಿ ನೋಡಿರುತ್ತಿರಲಿಲ್ಲ. ಟಿವಿಯಲ್ಲಿ ದಿನಾ ಬಂದು ತಲೆ ತಿನ್ನುತ್ತಿದ್ದವರ ಹೆಸರು ಚೀಟಿಯಲ್ಲಿ ಇರುತ್ತಿರಲಿಲ್ಲ.

ಡಿಶ್ ಕಂಪನಿಗೆ ಫೋನ್ ಮಾಡಿ ಡೆನ್ವರ್ ಚಾನೆಲ್ ಕೊಡಿ ಅಂದರೆ ಆಗುತ್ತಿರಲಿಲ್ಲವಾ? ನಾನೂ ಅದನ್ನೇ ಕೇಳಿದೆ. ಆಗ ಶುರುವಾಯಿತು ಪುರಾಣ.

ಅಮೆರಿಕದಲ್ಲಿ ಟಿವಿಯ ಮಟ್ಟಿಗೆ ದೇಶವನ್ನು 210 ಮಾರುಕಟ್ಟೆಗಳಾಗಿ ಹಂಚಿದ್ದಾರೆ. ಹಂಚಿದ್ದು ಸರ್ಕಾರವಲ್ಲ, ನೀಲ್ಸನ್ ಎಂಬ ಖಾಸಗಿ ಕಂಪನಿ. ಯಾವ ಕೌಂಟಿಯ ಜನ ಯಾವ ಊರಿನ ಸ್ಟೇಷನ್ ಜಾಸ್ತಿ ನೋಡುತ್ತಾರೆ ಎಂಬ ಲೆಕ್ಕದ ಮೇಲೆ, ಜಾಹೀರಾತಿನವರಿಗಾಗಿ ಮಾಡಿದ ನಕ್ಷೆ ಅದು. ಲಾ ಪ್ಲಾಟಾ ಆಲ್ಬುಕರ್ಕಿ ಪಾಲಿಗೆ ಬಿತ್ತು. ಕಾನೂನು ಬರೆದವರು ಅದೇ ನಕ್ಷೆಯನ್ನು ಎತ್ತಿಕೊಂಡರು.

1988ರ ಕಾನೂನಿನ ಪ್ರಕಾರ, ಛಾವಣಿಯ ಆಂಟೆನಾಗೆ ಸಿಗ್ನಲ್ ಸಿಗದ ಮನೆಗಳಿಗೆ ಮಾತ್ರ ಡಿಶ್‌ನವರು ದೂರದ ಊರಿನ ದೊಡ್ಡ ನೆಟ್‌ವರ್ಕ್‌ಗಳ ಸ್ಟೇಷನ್ ಕೊಡಬಹುದಿತ್ತು. 1999ರಲ್ಲಿ ಹೊಸ ಕಾನೂನು ಬಂತು. ಆಯಾ ಮಾರುಕಟ್ಟೆಯ ಸ್ಥಳೀಯ ಸ್ಟೇಷನ್‌ಗಳನ್ನು ಡಿಶ್‌ನಲ್ಲೇ ಕೊಡಲು ಅನುಮತಿ ಸಿಕ್ಕಿತು, ಜೊತೆಗೆ ಒಂದು ಷರತ್ತು. ಒಂದು ಸ್ಟೇಷನ್ ಕೊಟ್ಟರೆ, ಆ ಮಾರುಕಟ್ಟೆಯಲ್ಲಿ ಕೇಳಿಕೊಂಡು ಬಂದ ಎಲ್ಲವನ್ನೂ ಕೊಡಬೇಕು. 2002ರ ಜನವರಿ 1ರಿಂದ ಅದು ಜಾರಿಗೆ ಬಂತು. ದುಡ್ಡು ತರುವ ನಾಲ್ಕು ದೊಡ್ಡ ಸ್ಟೇಷನ್ ಇಟ್ಟುಕೊಂಡು, ಸ್ಪ್ಯಾನಿಷ್ ಸ್ಟೇಷನ್ನು, ಚರ್ಚಿನವರದು, ಸಾರ್ವಜನಿಕ ಟಿವಿ ಇವನ್ನೆಲ್ಲ ಕೈಬಿಡುವಂತಿಲ್ಲ.

ಕಾನೂನು ಇದ್ದಲ್ಲಿ ಕಳ್ಳದಾರಿಯೂ ಇರುತ್ತದೆ. ಆಗಿನ ಒಂದು ದೊಡ್ಡ ಕಂಪನಿ ಹಲವು ಊರುಗಳಲ್ಲಿ ಇಂಥ ಸಣ್ಣ ಸ್ಟೇಷನ್‌ಗಳನ್ನು ಬೇರೆ ಉಪಗ್ರಹಕ್ಕೆ ಹಾಕಿತು. ಅವು ಬೇಕಿದ್ದವರು ಇನ್ನೊಂದು ಡಿಶ್ ಹಾಕಿಸಿಕೊಳ್ಳಬೇಕು. ಡಿಶ್ ಪುಕ್ಕಟೆ ಅಂದರೂ ಮನೆಗೆ ಎರಡನೇ ಡಿಶ್ ಯಾರು ಹಾಕಿಸುತ್ತಾರೆ? 2004ರಲ್ಲಿ ಕಾಂಗ್ರೆಸ್, ಅಂದರೆ ಇಲ್ಲಿನ ಸಂಸತ್ತು, ಮತ್ತೆ ಕಾನೂನು ಮಾಡಿ, ಊರಿನ ಎಲ್ಲ ಸ್ಟೇಷನ್ನೂ ಒಂದೇ ಡಿಶ್‌ಗೆ ಬರಬೇಕು ಅಂತ ಹೇಳಬೇಕಾಯಿತು. ಸಣ್ಣ ಭಾಷೆಯವರನ್ನು ಅಟ್ಟಕ್ಕೆ ಹತ್ತಿಸುವ ಈ ಉಪಾಯ ಕೇಳಿದಾಗ ನನಗೆ ಸಿಟ್ಟಿಗಿಂತ ಜಾಸ್ತಿ ಪರಿಚಯದ ನಗುವೇ ಬಂತು.

ಇಷ್ಟೆಲ್ಲ ಆದರೂ ಲಾ ಪ್ಲಾಟಾದವರಿಗೆ ಸ್ಥಳೀಯ ಅಂದರೆ ಆಲ್ಬುಕರ್ಕಿಯೇ. ಕಡೆಗೆ ಜನ ತಮ್ಮ ದಾರಿ ಹುಡುಕಿಕೊಂಡರು. ಮುದುಕರ ತಂಗಿ ಡೆನ್ವರ್ ಕಡೆ ಇದ್ದಾರೆ. ಕೆಲವು ಕಾಲ ಇವರ ಡಿಶ್ ಕಾಗದದ ಮೇಲೆ ತಂಗಿಯ ಮನೆಯಲ್ಲಿತ್ತಂತೆ! ಇದನ್ನು ಹೇಳುವಾಗ ಅವರ ಹೆಂಡತಿ ಒಳಗಿನಿಂದ "ಅದನ್ನೆಲ್ಲ ಯಾಕೆ ಹೇಳ್ತೀರಿ" ಅಂತ ಕೂಗಿದರು. ಅಪ್ಪನಿಗೆ ಇಂಗ್ಲಿಷ್ ಬರದಿದ್ದರೂ ಇದು ಪೂರ್ತಿ ಅರ್ಥವಾಯಿತು. ರೇಷನ್ ಕಾರ್ಡಿನ ವಿಳಾಸದ ಕತೆಗಳನ್ನು ಬೇಕಾದಷ್ಟು ನೋಡಿದವರು.

ಸರಿಯಾದ ದಾರಿ ತೆರೆದದ್ದು 2014ರಲ್ಲಿ. ಡಿಶ್‌ನವರಿಗೂ ಮಾರುಕಟ್ಟೆಯ ಗಡಿ ಬದಲಿಸಬಹುದು, ಜನರಿಗೆ ಸ್ವಂತ ರಾಜ್ಯದ ಸುದ್ದಿ ಸಿಗುತ್ತದೋ ಇಲ್ಲವೋ ಅದನ್ನೂ ನೋಡಬೇಕು ಅಂತ ಕಾನೂನು ಹೇಳಿತು. ಕೌಂಟಿಯವರೇ ಎಫ್‌ಸಿಸಿಗೆ, ಅಂದರೆ ಪ್ರಸಾರದ ವ್ಯವಹಾರ ನೋಡುವ ಆಯೋಗಕ್ಕೆ, ಅರ್ಜಿ ಹಾಕಿದರು. 2017ರಲ್ಲಿ ಡೆನ್ವರ್‌ನ ನಾಲ್ಕು ಸ್ಟೇಷನ್‌ಗಳ ವಿಷಯದಲ್ಲಿ ಆಯೋಗ ಒಪ್ಪಿತು. ಒಂದು ಕೌಂಟಿ, ಅದೂ ಬೆಟ್ಟದ ಹಿಂದಿನ ಮೂಲೆಯದು, ಟಿವಿ ಚಾನೆಲ್‌ಗಾಗಿ ದೇಶದ ರಾಜಧಾನಿಗೆ ಅರ್ಜಿ ಬರೆದು ಗೆದ್ದಿತು ಅನ್ನುವುದೇ ನನಗೆ ಸೋಜಿಗ. ನಮ್ಮ ತಾಲೂಕು ಪಂಚಾಯಿತಿ ಇಂಥ ಅರ್ಜಿ ಹಾಕಬೇಕು ಅಂದುಕೊಂಡರೂ ಯಾವ ಕಚೇರಿಗೆ ಹಾಕುತ್ತದೆ ಹೇಳಿ?

ಆದರೆ ಗೆದ್ದ ಮುದುಕರ ಮುಖದಲ್ಲಿ ಖುಷಿ ಇಲ್ಲ. "ಈಗ ಸಂಜೆ ಡೆನ್ವರ್ ಟ್ರಾಫಿಕ್ ನೋಡ್ತಾ ಕೂರ್ತೀನಿ" ಅಂದರು. "ನಮ್ಮೂರು ಟಿವಿಯಲ್ಲಿ ಬರಬೇಕಾದರೆ ಬೆಂಕಿ ಬೀಳಬೇಕು, ಇಲ್ಲ ನದಿ ಬಣ್ಣ ಬದಲಿಸಬೇಕು." 2015ರ ಆಗಸ್ಟ್‌ನಲ್ಲಿ ಮೇಲಿನ ಹಳೆಯ ಗಣಿಯೊಂದರಿಂದ ಸುಮಾರು 30 ಲಕ್ಷ ಗ್ಯಾಲನ್ ವಿಷದ ನೀರು ನುಗ್ಗಿ, ಊರ ನಡುವಿನ ಅನಿಮಸ್ ನದಿ ಕಿತ್ತಳೆ ಬಣ್ಣವಾಗಿತ್ತು. ಆಗ ಆಲ್ಬುಕರ್ಕಿಯವರು ಓಡಿಬಂದರಂತೆ. ನೀರು ಹರಿಯುವುದು ಅವರ ಕಡೆಗೇ ಅಲ್ವಾ!

ಇದಾದ ಮೇಲೆಯೇ ಅವರು ಅಪ್ಪನಿಗೆ ಆ ಮಳೆಯ ಪ್ರಶ್ನೆ ಕೇಳಿದ್ದು.

ನಮ್ಮೂರು ಕಲಬುರಗಿ ಜಿಲ್ಲೆಯ ಸೇಡಂ ಕಡೆ. ಬೆಂಗಳೂರು ನಮಗೆ ಒಂದು ರಾತ್ರಿಯ ರೈಲು. ನಮ್ಮಲ್ಲೂ ಕಾನೂನಿದೆ. ಕೇಬಲ್‌ನವರಾಗಲಿ ಡಿಟಿಎಚ್‌ನವರಾಗಲಿ ಸರ್ಕಾರ ಹೇಳಿದ ದೂರದರ್ಶನದ ಚಾನೆಲ್ ಕೊಡಲೇಬೇಕು. ಹಾಗಾಗಿ ಚಂದನ ಎಲ್ಲ ಕಡೆ ಬರುತ್ತದೆ. ಆದರೆ ಊರಿನ ಕೇಬಲ್‌ನವನು ನಡೆಸುತ್ತಿದ್ದ ಲೋಕಲ್ ಚಾನೆಲ್? ಜಾತ್ರೆಯ ತೇರು, ಪುರಸಭೆಯ ನೀರಿನ ಜಗಳ, ಕೆಳಗೆ ಓಡುವ ಸಾಲಿನಲ್ಲಿ ತೀರಿಕೊಂಡವರ ಹೆಸರು, ರಾತ್ರಿ ಒಂಬತ್ತಕ್ಕೆ ರಾಜ್‌ಕುಮಾರ್ ಸಿನಿಮಾ. ತಂತಿ ಎಲ್ಲಿ ಮುಗಿಯುತ್ತಿತ್ತೋ ಅದೂ ಅಲ್ಲೇ ಮುಗಿಯುತ್ತಿತ್ತು. ನಾವು ಡಿಶ್ ಹಾಕಿಸಿದೆವು, ಚಿತ್ರ ಸ್ವಚ್ಛವಾಯಿತು, ಊರು ಹೋಯಿತು. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿದ್ದು ನನಗೆ ಮೊದಲು ಗೊತ್ತಾಗಿದ್ದು ಸೋದರಮಾವನ ವಾಟ್ಸಾಪ್‌ನಿಂದ. ಟಿವಿಯವರು ಆಮೇಲೆ ಬಂದರು.

ಅಷ್ಟರಲ್ಲಿ ಅಪ್ಪ ನನ್ನ ಮೊಣಕೈ ತಿವಿದರು. "ಅವರಿಗಿ ಹೇಳು, ಮೊದಲು ಟಿವಿ ಬಂದಿದ್ದು ನಮ್ಮೂರಿಗೇ. ಬೆಂಗಳೂರಿಗಲ್ಲ. ಅದೂ ಇವರ ಉಪಗ್ರಹದಾಗೇ."

ಹೌದು. 1975ರ ಆಗಸ್ಟ್ 1ರಿಂದ ಒಂದು ವರ್ಷ ನಾಸಾದ ಎಟಿಎಸ್-6 ಉಪಗ್ರಹವನ್ನು ನಮ್ಮ ದೇಶಕ್ಕೆ ಎರವಲು ಕೊಟ್ಟಿದ್ದರು. ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿಯಲ್ಲಿ ತಿಳಿವಳಿಕೆ ಕೊಡಲು ಇಸ್ರೊ, ಆಕಾಶವಾಣಿ ಸೇರಿ ನಡೆಸಿದ 'ಸೈಟ್' ಎಂಬ ಪ್ರಯೋಗ ಅದು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳು. ಕರ್ನಾಟಕದಲ್ಲಿ ಆರಿಸಿದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ. ಬೆಂಗಳೂರಿನಲ್ಲಿ ಆಗ ಟಿವಿಯೇ ಇರಲಿಲ್ಲ. ಗುಲ್ಬರ್ಗಕ್ಕೆ 1977ರಲ್ಲಿ ದೂರದರ್ಶನ ಬಂತು, ಬೆಂಗಳೂರಿಗೆ ಬಂದದ್ದು 1981ರಲ್ಲಿ.

ಅಪ್ಪ ಆಗ ಶಾಲೆ ಹುಡುಗ. ಶಾಲೆಯ ಮಾಳಿಗೆ ಮೇಲೆ ಕೋಳಿಗೂಡಿಗೆ ಹಾಕುವಂಥ ಜಾಲರಿಯ ಛತ್ರಿ, ಆಳಿಗಿಂತ ಎತ್ತರ. ಸಂಜೆ ಊರೆಲ್ಲ ನೆಲದ ಮೇಲೆ. ಕನ್ನಡದಲ್ಲಿ ಬಿತ್ತನೆ, ದನದ ರೋಗ, ಕೂಸಿನ ಆರೈಕೆ. ಕಾರ್ಯಕ್ರಮ ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ, ಆದರೂ ಅದರಲ್ಲಿ ಬರುತ್ತಿದ್ದದ್ದು ತಮ್ಮಂಥವರ ಹೊಲ ಅಂತ ಅಪ್ಪ ಈಗಲೂ ಹೇಳುತ್ತಾರೆ. ವರ್ಷ ತುಂಬಿದ ಮೇಲೆ ಉಪಗ್ರಹವನ್ನು ಪಕ್ಕಕ್ಕೆ ಸರಿಸಿಕೊಂಡರು. ಟಿವಿ ಪೆಟ್ಟಿಗೆ ಇತ್ತು, ಚಿತ್ರ ಇಲ್ಲ. ಒಂದಷ್ಟು ದಿನ ಜನ ಸುಮ್ನೆ ಬಂದು ಕೂತು ಹೋಗುತ್ತಿದ್ದರಂತೆ.

ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದೆ. ಮುದುಕರು ಅರ್ಧ ನಂಬಿದರು. ಅಪ್ಪ ಅಷ್ಟಕ್ಕೆ ಬಿಡುವವರಲ್ಲ. ನನ್ನ ಫೋನ್ ಕಸಿದುಕೊಂಡು, ನಮ್ಮ ಕಡೆಯ ಹುಡುಗನೊಬ್ಬ ಯೂಟ್ಯೂಬ್‌ನಲ್ಲಿ ನಡೆಸುವ ಸುದ್ದಿಯನ್ನು ಅವರ ದೊಡ್ಡ ಟಿವಿಗೆ ಹಾಕಿಸಿದರು. ಹುಡುಗ ಎಪಿಎಂಸಿ ಮುಂದೆ ನಿಂತು, ಗಾಳಿಯ ಸದ್ದಿನ ನಡುವೆ ತೊಗರಿ ದರ ಹೇಳುತ್ತಿದ್ದ. ಏನದು ಅಂತ ಮುದುಕರು ಕೇಳಿದರು. ಬೇಳೆ ರೇಟು ಅಂದೆ. ಸಟ್ಟನೆ ನೆಟ್ಟಗೆ ಕೂತರು. ಇಲ್ಲಿಂದ ಪಶ್ಚಿಮಕ್ಕೆ ಡವ್ ಕ್ರೀಕ್ ಅಂತ ಊರಿದೆ, ಪಿಂಟೊ ಬೀನ್ಸ್‌ಗೆ ಹೆಸರುವಾಸಿ. ಅವರ ಬೀಗರು ಅಲ್ಲಿ ಬೆಳೆಗಾರರು. ಕ್ವಿಂಟಲ್‌ಗೆ ಎಷ್ಟು, ಮಳೆ ಎಷ್ಟು ಬೇಕು, ಸರ್ಕಾರ ಕೊಳ್ಳುತ್ತದಾ, ದಲ್ಲಾಳಿ ಎಷ್ಟು ತಿನ್ನುತ್ತಾನೆ ಅಂತ ಶುರುವಾಯಿತು. ಕ್ವಿಂಟಲನ್ನು ಪೌಂಡಿಗೆ, ರೂಪಾಯಿಯನ್ನು ಡಾಲರಿಗೆ ತಿರುಗಿಸುವ ಕೆಲಸ ನನ್ನ ತಲೆಗೆ ಬಂತು. ಡೆನ್ವರ್ ಸುದ್ದಿಯ ಹೊತ್ತಾಗಿದೆ ಅಂತ ಅವರ ಹೆಂಡತಿ ಒಳಗಿನಿಂದ ನೆನಪಿಸಿದರು. "ಆಮೇಲೆ, ಆಮೇಲೆ" ಅಂದರು ಮುದುಕರು, ದಲ್ಲಾಳಿಯ ವಿಷಯ ಇನ್ನೂ ಮುಗಿದಿರಲಿಲ್ಲ.