ಎರಡೂ ಕಡೆಯಿಂದ ಬರೆದ ನೋಟ್‌ಬುಕ್

ಬೆಳಿಗ್ಗೆ ಕಾಫಿ ಇನ್ನೂ ಆರಿರಲಿಲ್ಲ, ಮೇಲಿನ ಮನೆ ಹುಡುಗಿ ಇಳಿದು ಬಂದಳು.
"ಅಂಕಲ್, ಈ ಡಿಸಿ ಬೈ ಡಿಕ್ಯೂ ಅಂದ್ರೆ ಏನು?"

ಬಿಎ ಓದ್ತಾಳೆ. ಎಸ್ಸೆಸ್ಸೆಲ್ಸಿ ಮುಗಿದ ದಿನವೇ ಗಣಿತಕ್ಕೆ ಎಳ್ಳುನೀರು ಬಿಟ್ಟವಳು. ಈಗ ಅದು ಅರ್ಥಶಾಸ್ತ್ರದ ಹಿತ್ತಲ ಬಾಗಿಲಿಂದ ಬಂದು ಕೂತಿದೆ, ಸೀಮಾಂತ ವೆಚ್ಚ, ಅಂದ್ರೆ ಇನ್ನೊಂದು ವಸ್ತು ಮಾಡೋಕೆ ಬೀಳೋ ಹೆಚ್ಚುವರಿ ಖರ್ಚು, ಅಂತ ಹೆಸರು ಬದಲಿಸಿಕೊಂಡು.

ಒಂದು ಹೊಲಿಗೆ ಅಂಗಡಿ ಹಿಡಿದೆ. ಒಟ್ಟು ವೆಚ್ಚ ಅಂದ್ರೆ 100 ರೂಪಾಯಿ, ಜೊತೆಗೆ ಅಂಗಿಗಳ ಸಂಖ್ಯೆಯ ವರ್ಗದ ಐದು ಪಟ್ಟು. ನಾಲ್ಕು ಅಂಗಿಗೆ 180, ಐದಕ್ಕೆ 225. ಐದನೇ ಅಂಗಿಗೆ ಬಿದ್ದದ್ದು 45. ಅವಕಲನ ಮಾಡಿದರೆ, ಅಂದ್ರೆ ವೆಚ್ಚ ಏರೋ ದರ (ಅವಳ ಡಿಸಿ ಬೈ ಡಿಕ್ಯೂ) ತೆಗೆದರೆ, ನಾಲ್ಕರ ಹತ್ತಿರ ಬರೋದು 40.

"ಹಾಗಾದ್ರೆ ಆ ಐದು ರೂಪಾಯಿ ಎಲ್ಲಿ ಹೋಯ್ತು?"

ಅಬ್ಬಾ! ನಾನು ಓದುವಾಗ ಈ ಪ್ರಶ್ನೆ ಕೇಳಿರಲೇ ಇಲ್ಲ, ಸೂತ್ರ ಬಾಯಿಪಾಠ ಹೊಡೆದು ಪಾಸಾಗಿದ್ದೆ. ಅಂಗಿಯನ್ನ ಚೂರುಚೂರೇ ಹೊಲೀತಾ ಹೋದ್ರೆ ದರ ನಾಲ್ಕರಲ್ಲಿ 40 ಇದ್ದದ್ದು ಐದಕ್ಕೆ ಮುಟ್ಟುವಾಗ 50 ಆಗಿರುತ್ತೆ ಕಣಮ್ಮ, ಸರಾಸರಿ 45 ಅಂದೆ. ಒಪ್ಪಿದಳೋ, ಪಾಪ ಅಂತ ಸುಮ್ಮನಾದಳೋ.

ಅವಳ ನೋಟ್‌ಬುಕ್ ತಿರುಗಿಸಿದರೆ ಹಿಂದಿನಿಂದ ಹಳಗನ್ನಡ. 12ನೇ ಶತಮಾನದಲ್ಲಿ ರಾಜಾದಿತ್ಯ ಗಣಿತವನ್ನೇ ಕನ್ನಡದಲ್ಲಿ, ಪದ್ಯ ಕಟ್ಟಿ ಬರೆದಿದ್ದ. ಇವತ್ತಾಗಿದ್ರೆ ಅವನ ಅರ್ಜಿ ಹಿಡ್ಕೊಂಡು ಯಾವ ವಿಭಾಗದವರು ತಲೆ ಕೆರ್ಕೋತಿದ್ರೋ.

ಎರಡು ಕಡೆಯಿಂದ ತುಂಬಿಕೊಂಡು ಬಂದು ನಡುವೆ ಉಳಿದಿರೋದು ಆರೇ ಹಾಳೆ. ಅದರಲ್ಲೊಂದನ್ನ ನಾನು ಅಂಗಿ ಚಿತ್ರ ಬರೆದು ಹಾಳು ಮಾಡಿದೆ.